ಲಕ್ಕಮ್ಮನ ಕಡಗೋಲು, ಶೋಭಿತಾಳ ಪೆನ್ನು

ಶೋಭಿತಾ ಪೆನ್ನಿನ ಬಿಡಿಭಾಗ ಒತ್ತಿ ಕೂರಿಸುವಾಗ ಉಸಿರು ಬಿಡುವುದಿಲ್ಲ. ಗೋಡೆಯ ಈಚೆ ಕೂತು ಮಿಷನ್ ತುಳಿಯುವ ನನಗೆ ಅದು ಹೇಗೆ ಗೊತ್ತಾಗುತ್ತದೆ ಅಂದರೆ, ಅವಳ ಕಡೆಯ ಸದ್ದೆಲ್ಲ ನಿಂತುಹೋಗುತ್ತದೆ. ಮರ ತಿರುಗಿಸಿ ಕೆತ್ತುವ ಲೇತು ನಿಲ್ಲುತ್ತದೆ, ಸ್ಯಾಂಡ್‌ಪೇಪರಿನ ಸರಸರ ನಿಲ್ಲುತ್ತದೆ, ಮೊಬೈಲಿನ ಹಾಡೂ ನಿಲ್ಲುತ್ತದೆ. ಆಮೇಲೆ ಎರಡರಲ್ಲಿ ಒಂದು. ಉದ್ದನೆಯ ಉಸಿರು ಕೇಳಿಸಿದರೆ ಪೆನ್ನು ಕೂತಿತು. 'ಟಿಕ್' ಅಂತ ಕೇಳಿಸಿದರೆ ಮರ ಸೀಳಿತು. ಟಿಕ್ ಕೇಳಿಸಿದ ದಿನ ನಾನು ಅವಳನ್ನು ಮಾತಾಡಿಸಲು ಹೋಗುವುದಿಲ್ಲ. ನನ್ನ ಬಾಯಿ ನೆಟ್ಟಗಿಲ್ಲ, ಸಮಾಧಾನ ಹೇಳಲು ಹೋಗಿ ಜಗಳ ಮಾಡಿಕೊಂಡು ಬರುತ್ತೇನೆ.

ನನ್ನ ಹೆಸರು ನೀಲಗಂಗಮ್ಮ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಅಡ್ಡರಸ್ತೆಯಲ್ಲಿ ಬ್ಲೌಸು, ಚೂಡಿದಾರ ಹೊಲಿಯುವ ಅಂಗಡಿ ನನ್ನದು. ಪಕ್ಕದ ತಗಡಿನ ಶೆಡ್ಡು ಶೋಭಿತಾಳದು, ಅದರ ಹಿಂದೆಯೇ ಅವಳ ಅಪ್ಪ ಮಂಚಯ್ಯ, ಅವ್ವ ಮುದ್ದಮ್ಮ ಇರುವ ಮನೆ. ಹುಡುಗಿ ಹಾಸನದಲ್ಲಿ ಐಟಿಐ ಮಾಡಿ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುತ್ತಿದ್ದಳು. ಅದು ಬಾಗಿಲು ಹಾಕಿದಾಗ ಅಲ್ಲಿನ ಹಳೆಯ ಸಣ್ಣ ಲೇತನ್ನು ಮನೆಗೆ ತಂದು ಮರಕ್ಕೆ ಕೈ ಹಾಕಿದಳು. ಹೊನ್ನೆ, ತೇಗ, ಹುಣಸೆ, ಯಾರೋ ಬಿಸಾಡಿದ ಕಿಟಕಿಯ ಮರದ ಸರಳು, ಏನು ಸಿಕ್ಕರೂ ಪೆನ್ನು ಮಾಡುತ್ತಾಳೆ.

ಮರದ ಪೆನ್ನು ಅಂದರೆ ಏನು ಮಹಾ, ತೂತು ಕೊರೆದು ರೀಫಿಲ್ ತೂರಿಸುವುದು ತಾನೇ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಎರಡು ಮರದ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಒಳಗೆ ಹಿತ್ತಾಳೆಯ ಸಣ್ಣ ಕೊಳವೆ ಅಂಟಿಸಬೇಕು. ಲೇತಿಗೆ ಕಟ್ಟಿ ಮೈ ಕೆತ್ತಿ ನಯ ಮಾಡಬೇಕು. ಆಮೇಲೆ ಮೂತಿ, ನಡುವಿನ ಉಂಗುರ, ರೀಫಿಲ್ಲನ್ನು ಹೊರಗೆ ತಳ್ಳುವ ಕೀಲು, ಕ್ಲಿಪ್ಪು, ಒಂದೊಂದನ್ನೂ ಆ ಕೊಳವೆಯೊಳಕ್ಕೆ ಒತ್ತಿ ಕೂರಿಸಬೇಕು. ತಾಪತ್ರಯವೆಲ್ಲ ಅಲ್ಲೇ. ಕೊಳವೆಯೊಳಗೆ ಒಂದು ಚುಕ್ಕೆ ಅಂಟು ಒಣಗಿ ನಿಂತಿದ್ದರೂ ಸಾಕು, ಒತ್ತಿದಾಗ ಬಿಗಿಯಾಗಿ ಮರ ಬಿರಿಯುತ್ತದೆ. ತುದಿ ನೆಟ್ಟಗೆ ಕತ್ತರಿಸಿರದಿದ್ದರೆ ಉಂಗುರದ ಹತ್ತಿರ ಸಂದು ಬಿಡುತ್ತದೆ. ಕೀಲು ಕೂದಲಷ್ಟು ಹೆಚ್ಚು ಒಳಗೆ ಹೋದರೂ ರೀಫಿಲ್ಲು ಹಿಂದಕ್ಕೆ ಸರಿಯುವುದೇ ಇಲ್ಲ, ಜೇಬೆಲ್ಲ ಶಾಯಿ. ಬ್ಲೌಸು ಬಿಗಿಯಾದರೆ ಹೊಲಿಗೆ ಬಿಚ್ಚಿ ಒಳಗೆ ಮಡಿಚಿಟ್ಟ ಬಟ್ಟೆ ಬಿಡುತ್ತೇನೆ, ಹಾಕಿಕೊಂಡವಳಿಗೆ ಗೊತ್ತೂ ಆಗುವುದಿಲ್ಲ. ಮರದಲ್ಲಿ ಬಿಡಲು ಏನೂ ಇರುವುದಿಲ್ಲ.

ಅದಕ್ಕೇ ಅವಳಿಗೆ ಸದಾ ದಿಗಿಲು. ಶ್ರವಣಬೆಳಗೊಳದ ಒಂದು ಅಂಗಡಿಗೆ ಪೆನ್ನು ಕೊಡುತ್ತಾಳೆ, ಬೆಟ್ಟ ಹತ್ತಿ ಇಳಿದವರು ನೆನಪಿಗೆಂದು ಕೊಳ್ಳುತ್ತಾರೆ. ಒಂದು ಬೇಸಿಗೆಯಲ್ಲಿ ಮರ ಒಣಗಿ ಮೂತಿ ಕಳಚಿದ ಪೆನ್ನೊಂದು ವಾಪಸು ಬಂತು. ಅವತ್ತಿನಿಂದ ತಾನು ಕೊಟ್ಟ ಪೆನ್ನೆಲ್ಲ ಎಲ್ಲೋ ಯಾರದೋ ಜೇಬಿನಲ್ಲಿ ಕಳಚಿಕೊಳ್ಳುತ್ತಿದೆ ಎಂದೇ ಅವಳ ನಂಬಿಕೆ. ಊಟಕ್ಕೆ ಕೂತವಳು ಎದ್ದು ಕೈ ತೊಳೆದು, ಬೆಳಿಗ್ಗೆ ಮುಗಿಸಿದ ಪೆನ್ನನ್ನು ಮತ್ತೆ ತಿರುಗಿಸಿ ನೋಡಿ ಬರುತ್ತಾಳೆ. "ಅದೇನು ಕೂಸಾ, ತೊಟ್ಟಿಲಲ್ಲಿ ಉಸಿರಾಡ್ತದಾ ಅಂತ ನೋಡಿ ಬರಕ್ಕೆ?" ಅಂತ ನಾನು ರೇಗುತ್ತೇನೆ. ನಗುತ್ತಾಳೆ, ಮತ್ತೆ ಹೋಗುತ್ತಾಳೆ.

ಇಂಥವಳ ಕೈಗೆ ಲಕ್ಕಮ್ಮನ ಕಡಗೋಲು ಬಂತು.

ಲಕ್ಕಮ್ಮ ನಮ್ಮ ತಾಲ್ಲೂಕಿನದೇ ಒಂದು ಹಳ್ಳಿಯ ದೊಡ್ಡ ಒಕ್ಕಲು ಮನೆಯ ಹೆಂಗಸು. ವಯಸ್ಸಾಗಿ ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ಅವಳ ಮುಂದೆ ನಾನು ಮೂಕಿ ಅಂತಲೇ ಹೇಳಬೇಕು. ಅವಳ ಮೊಮ್ಮಗಳು ಸೌಜನ್ಯಾಳಿಗೆ ಅರಕಲಗೂಡು ತಾಲ್ಲೂಕಿನಲ್ಲಿ, ರುದ್ರಪಟ್ಟಣದ ಕಡೆಯ ಒಂದು ಸರ್ಕಾರಿ ಶಾಲೆಗೆ ಟೀಚರ್ ಆಗಿ ಆರ್ಡರ್ ಬಂದಿತ್ತು. ಶಾಲೆ ಶುರುವಾಗುವ ಸೋಮವಾರ ಹೋಗಿ ಹಾಜರಿ ಪುಸ್ತಕಕ್ಕೆ ಮೊದಲ ಸಹಿ ಹಾಕಬೇಕು. ಅಜ್ಜಿ ಮೊಮ್ಮಗಳು ಬ್ಲೌಸಿನ ಅಳತೆ ಕೊಡಲು ನನ್ನ ಅಂಗಡಿಗೆ ಬಂದರು. ಅಳತೆ ಮುಗಿದ ಮೇಲೆ ಲಕ್ಕಮ್ಮ ಚೀಲದಿಂದ ಬಟ್ಟೆ ಸುತ್ತಿದ ಕಡಗೋಲು ತೆಗೆದಳು.

"ಮಿಕ್ಸಿ ಬಂದ್ಮ್ಯಾಲೆ ಅಟ್ಟದ ಮ್ಯಾಲೆ ಬಿದ್ದಿತ್ತು ಕಣೇ ನೀಲ. ಮದ್ವೆ ಆಗಿ ಬಂದಾಗ್ಲಿಂದ ನಾನು ಮಜ್ಜಿಗೆ ಕಡ್ದಿದ್ದು ಇದ್ರಾಗೆ. ಪಕ್ಕದ ಹುಡ್ಗಿ ಪೆನ್ನು ಮಾಡ್ತಾಳಂತಲ್ಲ, ಕರಿ. ಈ ಮಗ ಮೊದ್ಲ ಸೈನು ಇದ್ರಾಗೇ ಆಕ್ಬೇಕು."

ಕರೆದೆ. ಶೋಭಿತಾ ಬಂದು ನಿಂತಳು. ಲಕ್ಕಮ್ಮ ಕಡಗೋಲನ್ನು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು. ಶೋಭಿತಾ ಮೇಜಿನಿಂದ ಎತ್ತಿಕೊಂಡಳು. ಕೋಲಿನ ನಡುವೆ, ಕಡೆಯುವ ಹಗ್ಗ ತಿರುಗಿ ತಿರುಗಿ ಸವೆದು, ಸಣ್ಣ ಸೊಂಟದ ಹಾಗೆ ತಗ್ಗು ಬಿದ್ದಿತ್ತು.

"ಅಗ್ಗದ ಗುರ್ತು ಓಗ್ಕೂಡ್ದು," ಅಂದಳು ಲಕ್ಕಮ್ಮ. "ಅದು ಓದ್ರೆ ಸೌದೆಗೂ ಇದ್ಕೂ ಏನೂ ಎತ್ವಾಸ ಇಲ್ಲ. ಇದೊಂದೇ ಇರಾದು, ನ್ವಾಡ್ಕಂಡು ಮಾಡು."

ಅವರು ಹೋದ ಮೇಲೆ ಶೋಭಿತಾಳ ಮುಖ ನೋಡಬೇಕಿತ್ತು. "ನೀಲಕ್ಕ, ಬೇಡ ಅಂದುಬಿಡ್ಲಾ?" ಅಂದಳು. ನಾನು ಗದರಿದೆ. ಮಂಚಯ್ಯ ಹರೆಯದಲ್ಲಿ ಆ ಮನೆಯಲ್ಲಿ ದನ ಕಾಯುತ್ತಿದ್ದವನು. ಈಗ ಆ ಮನೆಯ ಅಡುಗೆಕೋಣೆಯ ವಸ್ತು ಅವನ ಮಗಳನ್ನು ಹುಡುಕಿಕೊಂಡು ಬಂದಿದೆ, ಬೇಡ ಅನ್ನುವುದುಂಟಾ ಅಂದೆ. ಮಂಚಯ್ಯ ಮಾತ್ರ ಕಡಗೋಲನ್ನು ದೂರದಿಂದಲೇ ನೋಡಿ ಒಳಗೆ ಹೋದ.

ಕೋಲಿನ ಮೇಲ್ತುದಿ ಹುಳು ತಿಂದಿತ್ತು. ಕೆಳಗಿನ ಹಲ್ಲಿನ ತಲೆ ಪೆನ್ನಿಗೆ ಬಾರದು. ಉಳಿದದ್ದು ಒಂದೇ ಒಂದು ಪೆನ್ನಿಗೆ ಸಾಕಾಗುವಷ್ಟು. ತಪ್ಪಿದರೆ ಇನ್ನೊಂದು ತುಂಡಿಲ್ಲ. ಹುಡುಗಿ ಅಳೆದಳು, ಮತ್ತೆ ಅಳೆದಳು, ಕೊರೆಯುವಾಗ ನಾನೂ ಮಿಷನ್ ನಿಲ್ಲಿಸಿ ಕೂತಿದ್ದೆ. ತೂತು ನೆಟ್ಟಗೆ ಬಂತು. ಹಗ್ಗದ ತಗ್ಗಿರುವ ಮೇಲಿನ ತುಂಡಿನಲ್ಲಿ ಮರ ತೀರಾ ತೆಳ್ಳಗೆ ಉಳಿಯಿತು, ಬೆರಳಿಟ್ಟರೆ ಬಾಗುತ್ತದೇನೋ ಅನ್ನುವಷ್ಟು.

ಕೆಳಗಿನ ತುಂಡಿಗೆ ಕೊಳವೆ ಅಂಟಿತು. ಮೇಲಿನದಕ್ಕೆ ಅಂಟಲಿಲ್ಲ. ಹಗ್ಗದ ಜಾಗದಲ್ಲಿ ವರ್ಷಗಟ್ಟಲೆ ಬೆಣ್ಣೆ ಕೈಯ ಜಿಡ್ಡು ಕುಡಿದ ಮರ, ಅಂಟನ್ನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಒಣಗಿದೆ ಅಂದುಕೊಂಡು ಬೆರಳಿನಿಂದ ತಳ್ಳಿದರೆ ಕೊಳವೆ ಜಾರಿ ಈಚೆಗೆ ಬರುತ್ತಿತ್ತು. ಜಿಡ್ಡು ಹೋಗಲೆಂದು ಥಿನ್ನರಿನಲ್ಲಿ ಒರೆಸಿದಳು, ಕೊಳವೆಯ ಮೈಯನ್ನು ಉಜ್ಜಿ ಒರಟು ಮಾಡಿದಳು, ಮತ್ತೆ ಅಂಟಿಸಿದಳು. ಮತ್ತೆ ಜಾರಿತು. ಕೊನೆಗೆ ಎಣ್ಣೆ ಮರಕ್ಕೂ ಹಿಡಿಯುವ ಅಂಟು ಹಾಸನದಲ್ಲಿ ಸಿಗುತ್ತದೆಂದು ಯಾರೋ ಹೇಳಿದರು. "ಸಡಿಲ ಆಗ್ಯದೆ ಕಣವ್ವ, ನಿಲ್ತಾನೇ ಇಲ್ಲ," ಅಂತ ಮುದ್ದಮ್ಮನಿಗೆ ಹೇಳಿ, ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು.

ಆ ಮಾತು ಮಂಚಯ್ಯನ ಕಿವಿಗೆ ಬಿತ್ತು.

ಮಂಚಯ್ಯನ ಬಗ್ಗೆ ಒಂದು ಮಾತು. ನಮ್ಮ ಬೀದಿಯಲ್ಲಿ ಯಾರ ಗುದ್ದಲಿಯ ಕಾವು ಅಲ್ಲಾಡಿದರೂ, ಯಾರ ಕುಡುಗೋಲಿನ ಹಿಡಿ ಕಳಚಿದರೂ ಹೋಗುವುದು ಅವನ ಹತ್ತಿರ. ಅವನು ಅದನ್ನು ನೀರಿನಲ್ಲಿ ನೆನೆಹಾಕುತ್ತಾನೆ. ಮರ ಉಬ್ಬಿ ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ. ನಮ್ಮ ಕಡೆ ಹೊಲ ಇದ್ದವರೂ ಇಲ್ಲದವರೂ ಎಲ್ಲರೂ ಮಾಡುವುದು ಅದನ್ನೇ. ಮಗಳು ಪೆನ್ನು ಮಾಡುವುದನ್ನು ಅವನು ದಿನಾ ನೋಡುತ್ತಿದ್ದ. ಸಡಿಲ ಎಂಬ ಮಾತು ಮೊದಲ ಸಲ ಅವನಿಗೆ ಗೊತ್ತಿರುವ ಮಾತಾಗಿ ಬಂತು.

ಸಂಜೆ ಶೋಭಿತಾ ಬಂದಾಗ ಅಪ್ಪ ಶೆಡ್ಡಿನ ಬಾಗಿಲಲ್ಲೇ ಕಾಯುತ್ತಿದ್ದ. ಮುಖದಲ್ಲಿ ನಗು. "ಮಗ, ನೀನು ಅಳ್ಬೇಡ. ಸರಿ ಮಾಡಿವ್ನಿ." ಒಳಗೆ ಮೇಜಿನ ಮೇಲೆ ಒಂದು ಚೊಂಬು, ಚೊಂಬಿನ ತುಂಬ ನೀರು, ನೀರಿನೊಳಗೆ ಕಡಗೋಲಿನ ಆ ಮೇಲಿನ ತುಂಡು.

ಅವಳು ಕಿರುಚಲಿಲ್ಲ. ಅಲ್ಲೇ ನೆಲದ ಮೇಲೆ ಕೂತಳು, ಅಷ್ಟೇ. ಕಿರುಚಿದವಳು ನಾನು. "ಏನ್ ಮಾಡ್ಬುಟ್ಟೆ ಮಂಚಣ್ಣ, ಅದೇನು ಗುದ್ಲಿನಾ?" ಅಂದೆ.

"ಅದು ಹುಟ್ಟಿದ್ದೇ ಮಜ್ಜಿಗೇಲಿ ಕಣ್ ನೀಲವ್ವ," ಅಂದ. "ಅದ್ಕೆ ನೀರು ಯಾವ ಲೆಕ್ಕ?" ಆದರೆ ಮಗಳ ಮುಖ ನೋಡಿದ ಮೇಲೆ ನಗು ಇಳಿಯಿತು. ಚೊಂಬನ್ನು ನೋಡಿದ, ತನ್ನ ಕೈ ನೋಡಿಕೊಂಡ. ಏನು ತಪ್ಪಾಯಿತೆಂದು ಕೇಳಲೂ ಅವನಿಗೆ ಹೆದರಿಕೆಯಾಯಿತು.

ಗುದ್ದಲಿಯ ಕಾವು ಗಟ್ಟಿ ಮರ, ಕಬ್ಬಿಣದ ಒಳಗೆ ಇರುತ್ತದೆ, ಉಬ್ಬಿದರೆ ಬಿಗಿಯುತ್ತದೆ. ಇಲ್ಲಿ ಹಿತ್ತಾಳೆ ಒಳಗೆ, ಮರ ಹೊರಗೆ. ಅದೂ ಹಪ್ಪಳದಷ್ಟು ತೆಳ್ಳಗಿನ ಮರ. ನೆಂದಾಗ ಏನೂ ಆಗುವುದಿಲ್ಲ, ಒಣಗುವಾಗ ಬಿರಿಯುತ್ತದೆ. ಬಿಸಿಲಿಗಿಟ್ಟರೆ ಇನ್ನೂ ಬೇಗ. ಮುದ್ದಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ಡ್ರಮ್ಮಿನೊಳಗೆ ಹುಗಿದಿಟ್ಟಳು, ರಾಗಿ ನೀರನ್ನು ನಿಧಾನವಾಗಿ ಎಳೆದುಕೊಳ್ಳಲಿ ಅಂತ. ಆ ವಾರವಿಡೀ ಆ ಮನೆಯಲ್ಲಿ ಯಾರಾದರೂ ಒಬ್ಬರು ಡ್ರಮ್ಮಿನ ಮುಚ್ಚಳ ತೆಗೆಯುತ್ತಲೇ ಇದ್ದರು. ತೆಗೆದು ನೋಡಬೇಡ ಅಂತ ಅವ್ವನಿಗೆ ಹೇಳಿದ ಶೋಭಿತಾಳೇ ಹೆಚ್ಚು ಸಲ ತೆಗೆದಳು. ನಾನೂ ಹಾಲು ಕೇಳುವ ನೆಪದಲ್ಲಿ ಹೋಗಿ ಇಣುಕಿ ಬಂದೆ. ಒಂದು ಬೆಳಿಗ್ಗೆ ಅವಳು ತುಂಡನ್ನು ಬೆಳಕಿಗೆ ಹಿಡಿದು ಸುಮ್ಮನೆ ನಿಂತಿದ್ದಳು. ಹಗ್ಗದ ತಗ್ಗಿನ ಮೇಲೆ ಕೂದಲೆಳೆಯ ಹಾಗೆ ಒಂದು ಬಿರುಕು ಬಿಟ್ಟಿತ್ತು.

ಮಂಚಯ್ಯ ಊಟ ಬಿಟ್ಟ. ಬೀದಿಗೆ ಬರುವುದನ್ನೂ ಬಿಟ್ಟ. ಯಾರೋ ಗುದ್ದಲಿ ತಂದರೆ ಮುದ್ದಮ್ಮನ ಕೈಲಿ ಇಲ್ಲ ಅನ್ನಿಸಿದ. ನಾನು ಹೋಗಿ ಬೈದೆ. ಬೈಯುವುದು ಬಿಟ್ಟು ನನಗೆ ಬೇರೇನು ಬರುತ್ತದೆ? ಆಗ ಅವನು ಹೇಳಿದ.

"ನಿಂಗೆ ಗೊತ್ತಿಲ್ಲ ನೀಲವ್ವ. ಆ ಮನೇಲಿ ನಾನು ಅಷ್ಟೊರ್ಸ ಇದ್ದೆ. ಮಜ್ಗೆ ಉಯ್ತಿದ್ರು. ನಾನು ಕುಕ್ಕರ್ಗಾಲಲ್ಲಿ ಕೂತು ಬೊಗ್ಸೆ ಒಡ್ತಿದ್ದೆ, ಅವ್ವಾರು ಮ್ಯಾಲಿಂದ ಬುಡ್ತಿದ್ರು. ಕಡಗೋಲು ಕಣ್ಣಲ್ಲಿ ನೋಡಿವ್ನಿ, ಮುಟ್ಟಿಲ್ಲ. ಮುಟ್ಟಿದ್ದು ಇದೇ ಮೊದ್ಲು. ಮುಟ್ದೇಟ್ಗೆ ಒಡ್ದೋಯ್ತು. ಅವ್ವಾರು ಏನಂದಾರು?"

ಅವನಿಗಿದ್ದ ಭಯ ಪೆನ್ನು ಹಾಳಾದದ್ದಷ್ಟೇ ಅಲ್ಲ ಅಂತ ಆಗ ತಿಳಿಯಿತು. ಲಕ್ಕಮ್ಮ ಬೈದರೆ ಬೈಯಲಿ. 'ಇವನು ಮುಟ್ಟಿದ್ದಕ್ಕೇ ಹೀಗಾಯಿತು' ಅಂತ ಮಗಳ ಎದುರಿಗೆ ಒಂದು ಮಾತು ಬಂದುಬಿಟ್ಟರೆ?

ಅಂಗಡಿಗೆ ಬಂದು ಬ್ಲೌಸಿಗೆ ಕಾಜಾ ಹಾಕಲು ಕೂತೆ. ಗುಂಡಿ ತೂರಿಸುವ ಆ ಸೀಳಿಗೆ, ಬಟ್ಟೆ ಹರಿಯದಿರಲೆಂದು ಸುತ್ತ ದಾರ ಹೆಣೆಯುತ್ತೇವಲ್ಲ, ಅದನ್ನು ಹೆಣೆಯುತ್ತಿದ್ದ ಹಾಗೆಯೇ ಎದ್ದು ಶೆಡ್ಡಿಗೆ ಹೋದೆ. "ಆ ತಗ್ಗಿಗೆ ದಾರ ಸುತ್ತಿದರೆ?" ಅಂದೆ. ಶೋಭಿತಾ ತಲೆ ಎತ್ತಿದಳು. ತುಂಡು ಎತ್ತಿಕೊಂಡು ತಗ್ಗಿನ ಮೇಲೆ ಬೆರಳು ಸವರಿದಳು. ಆಮೇಲೆ, "ಯಾವ ದಾರ ಅದೆ ನಿನ್ ಹತ್ರ?" ಅಂತ ಕೇಳಿದಳು.

ಕೊರೆದಾಗ ಉದುರಿದ್ದ ಪುಡಿಯನ್ನು ಅವಳು ಎತ್ತಿಟ್ಟಿದ್ದಳು. ಹಾಸನದ ಅಂಟಿಗೆ ಅದನ್ನು ಕಲಸಿ ಬಿರುಕಿಗೆ ತುಂಬಿದಳು. ಒಣಗಿದ ಮರದ ತೂತು ಸೊಟ್ಟಗಾಗಿತ್ತು, ಕೊಳವೆ ಒಳಗೇ ಹೋಗಲಿಲ್ಲ. ಗುಂಡನೆಯ ಸಣ್ಣ ಅರದಿಂದ ಒಂದಿಷ್ಟು ಉಜ್ಜುವುದು, ತೂರಿಸಿ ನೋಡುವುದು, ಮತ್ತೆ ಉಜ್ಜುವುದು. ಕೊನೆಗೆ ಹೋಯಿತು, ಈ ಸಲ ಅಂಟಿತು ಕೂಡ. ಲೇತಿಗೆ ಕಟ್ಟಿ, ತಗ್ಗನ್ನು ಬಿಟ್ಟು ಉಳಿದ ಮೈಯನ್ನು ಕೆತ್ತಿದಳು. ಹಗ್ಗದ ತಗ್ಗಿನಲ್ಲಿ ನಾನು ಹುರಿಯ ಬಣ್ಣದ ಕಾಜಾ ದಾರವನ್ನು ಸಾಲಿಗೆ ಸಾಲು ಒತ್ತಿ ಸುತ್ತಿದೆ. ಅವಳು ಅದರ ಮೇಲೆ ತೆಳ್ಳಗೆ ಅಂಟು ಸವರಿ ನಯ ಮಾಡಿದಳು. ತಗ್ಗು ಹಾಗೇ ಉಳಿಯಿತು, ಬಿರುಕು ಕಾಣಲಿಲ್ಲ.

ಇನ್ನು ಒತ್ತಿ ಕೂರಿಸುವುದು ಬಾಕಿ. ಶನಿವಾರ ಮಧ್ಯಾಹ್ನ. ನನ್ನನ್ನು ಪಕ್ಕದಲ್ಲಿ ನಿಲ್ಲು ಅಂದಳು, ಮಾತಾಡಬೇಡ ಅಂತಲೂ ಅಂದಳು. ಕೆಳಗಿನ ತುಂಡಿಗೆ ಮೂತಿ ಕೂತಿತು. ಕೀಲನ್ನು ಒಂದು ಗೀಟಿನವರೆಗೆ ಒತ್ತಿ, ರೀಫಿಲ್ ಹಾಕಿ ತಿರುಗಿಸಿ, ಇನ್ನೊಂದು ಚೂರು ಒತ್ತಿ, ಮತ್ತೆ ತಿರುಗಿಸಿದಳು. ಸರಿಯಾಯಿತು. ಮೇಲಿನ ತುಂಡಿಗೆ ಕ್ಲಿಪ್ಪು ಕೂರಿಸಬೇಕು. ಕೊಳವೆಯ ಬಾಯನ್ನು ಅರದಿಂದ ಒಳಗಡೆ ಸವರಿದಳು, ಒಳಗೆ ಅಂಟಿನ ಕಲೆ ಇದೆಯಾ ಅಂತ ಮೊಬೈಲಿನ ಬೆಳಕಲ್ಲಿ ನೋಡಿದಳು, ಮತ್ತೆ ಸವರಿದಳು. ತುಂಡನ್ನು ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳದ, ಅಂದರೆ ವೈಸಿನ, ಎರಡು ದವಡೆಯ ನಡುವೆ ಉದ್ದಕ್ಕೆ ಇಟ್ಟು ಹಿಡಿಯನ್ನು ಎಳ್ಳಷ್ಟು ಎಳ್ಳಷ್ಟೇ ತಿರುಗಿಸಿದಳು. ನಡುವೆ ನಿಂತಿತು. ಇನ್ನು ತಿರುಗಿಸಿದರೆ ಟಿಕ್ ಅನ್ನುತ್ತದೆ ಅಂತ ನನಗೇ ಅನ್ನಿಸಿತು. ಅವಳು ಹಿಡಿ ಹಿಂದಕ್ಕೆ ತಿರುಗಿಸಿ, ಕ್ಲಿಪ್ಪು ಹೊರಗೆ ತೆಗೆದು, ಕೊಳವೆಯನ್ನು ಇನ್ನೊಂದು ಸಲ ಕೆರೆದು, ಮೊದಲಿನಿಂದ ಶುರುಮಾಡಿದಳು. ಈ ಸಲ ಒಳಗೆ ಹೋಯಿತು. ಟಿಕ್ ಅನ್ನಲಿಲ್ಲ. ನಾನು ಹೊರಗೆ ಹೋಗಿ ನೀರು ಕುಡಿದೆ.

"ಲಕ್ಕಮ್ಮ ಕೇಳಿದ್ರೆ ದಾರ ಅಲಂಕಾರಕ್ಕೆ ಅನ್ನೋಣ," ಅಂದೆ ಬಂದು.

"ನಂಗೆ ಸುಳ್ಳು ಹೇಳಕ್ಕೆ ಬರಲ್ಲ ನೀಲಕ್ಕ. ಗಂಟ್ಲು ಒಣಗ್ತದೆ."

"ನೀನು ಬಾಯಿ ಮುಚ್ಕೊಂಡಿರು. ನನ್ ಗಂಟ್ಲು ಒಣಗಲ್ಲ."

ಭಾನುವಾರ ಅಜ್ಜಿ ಮೊಮ್ಮಗಳು ಬಂದರು. ಸೌಜನ್ಯ ಬ್ಲೌಸು ಹಾಕಿ ನೋಡಲು ಪರದೆಯ ಹಿಂದೆ ಹೋದಳು. ಶೋಭಿತಾ ಪೆನ್ನು ತಂದು, ಯಾರೂ ಹೇಳದೆಯೇ, ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಲಕ್ಕಮ್ಮ ಎತ್ತಿಕೊಂಡಳು. ನೋಡಲಿಲ್ಲ, ಹೆಬ್ಬೆರಳಿನಿಂದ ಸವರಿದಳು. ಬೆರಳು ತಗ್ಗಿಗೆ ಬಂದು ನಿಂತಿತು.

"ಇದೇನಿದು ದಾರ?"

"ನಿಮ್ಮ ಕಡೆಯೋ ಹಗ್ಗದ ನೆನಪಿಗೆ ಅಂತ ಅಲಂಕಾರಕ್ಕೆ ಸುತ್ತಿದ್ವಿ," ಅಂದೆ.

"ಅಗ್ಗ ಇಷ್ಟ್ ಬಿಗಿಯಾಗಿ ಸುತ್ತಿದ್ರೆ ಕಡಗೋಲು ತಿರುಗ್ತದೇನೇ? ಇದು ಅಗ್ಗ ಅಲ್ಲ, ಕಟ್ಟು. ಏನಾಗಿತ್ತು ಹೇಳಿ."

ಒಣಗದ ನನ್ನ ಗಂಟಲು ಒಣಗಿತು. ಅಷ್ಟರಲ್ಲಿ ಹೊರಗಿನ ಮೆಟ್ಟಿಲ ಹತ್ತಿರದಿಂದ ದನಿ ಬಂತು.

"ನಾನು ಕಣವ್ವಾರೆ. ನಾನು ನೀರ್ಗಾಕ್ದೆ. ಬಿರುಕು ಬುಟ್ಕಂತು. ಮಗಳ್ದೇನೂ ತೆಪ್ಪಿಲ್ಲ."

ಮಂಚಯ್ಯ ಟವೆಲನ್ನು ಕೈಯಲ್ಲಿ ಮುದುರಿ ಹಿಡಿದು ನಿಂತಿದ್ದ. ಲಕ್ಕಮ್ಮ ಅವನ ಕಡೆ ತಿರುಗಿದಳು. ನನ್ನ ಕೈಯಲ್ಲಿ ಕತ್ತರಿ ಇತ್ತು, ಕೆಳಗಿಟ್ಟೆ. ಅವಳೇನಾದರೂ ಅಂದರೆ ಈ ಮನೆತನದ ಬ್ಲೌಸು ಇನ್ನು ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

"ನೀರ್ಗ್ಯಾಕ್ಲಾ ಆಕ್ದೆ?"

"ಸಡ್ಲ ಆಗ್ಯದೆ ಅಂದ್ಲು. ಬಿಗೀತದೆ ಅಂದ್ಕಂಡೆ."

ಲಕ್ಕಮ್ಮ ಸ್ವಲ್ಪ ಹೊತ್ತು ಪೆನ್ನನ್ನೇ ತಿರುಗಿಸುತ್ತಿದ್ದಳು. "ನಾನೂ ಆಕ್ತಿದ್ದೆ ಕಣ್ಲಾ," ಅಂದಳು. "ಬ್ಯಾಸ್ಗೆ ಬಂದ್ರೆ ಇದ್ರ ತಲೆ ಕಳಚ್ಕಂಡು ಗಡಿಗೇಲಿ ಬಿದ್ದೋಗದು. ಇತ್ಲ ಕಲ್ಲುಬಾನೀಲಿ ನೆನೆ ಆಕ್ತಿದ್ದೆ. ನೀನೂ ನೋಡಿದ್ದೀಯಲ್ಲ."

"ನೋಡಿವ್ನಿ ಅವ್ವಾರೆ. ದನ ನೀರು ಕುಡಿಯೋ ಬಾನೀಲಿ. ಅದು ನೆನೀತಿದ್ರೆ ದನ ತಡ್ಕಂಡು ನಿಂತಿರ್ತಿದ್ದೆ, ನೀವು ಬಂದು ಎತ್ಕಳೋಗಂಟ. ನಾನು ಎತ್ತಿಡಂಗಿರ್ಲಿಲ್ವಲ್ಲ. ದನ ಬಾಯಾರ್ಕಂಡು ಬಡ್ಕಳವು."

ಅವನ ದನಿಯಲ್ಲಿ ದೂರಿರಲಿಲ್ಲ. ಬಿಸಿಲು ಜಾಸ್ತಿ ಇತ್ತು ಅನ್ನುವ ಹಾಗೆ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಕೇಳಿದರೆ ಲಕ್ಕಮ್ಮನ ಮೇಲೆ, ಅವನ ಆ ತಣ್ಣನೆ ದನಿಯ ಮೇಲೆ, ಯಾರೂ ಹೇಳದೆ ಮೇಜಿನ ಮೇಲೆ ಪೆನ್ನಿಟ್ಟ ಆ ಹುಡುಗಿಯ ಮೇಲೂ.

ಲಕ್ಕಮ್ಮ ಪೆನ್ನು ಹಿಡಿದ ಕೈಯನ್ನು ಮುಂದಕ್ಕೆ ಚಾಚಿದಳು. "ಬಾ ಇಲ್ಲಿ. ಬಿಗಿಯಾಗಿ ಅದಾ ನ್ವಾಡು."

ಮಂಚಯ್ಯ ಮೆಟ್ಟಿಲು ಹತ್ತಿ ಒಳಗೆ ಬಂದ. ಬಂದವನು ಅಭ್ಯಾಸಬಲದಿಂದ ಅವಳ ಕೈಯ ಕೆಳಗೆ ಬೊಗಸೆ ಒಡ್ಡಿದ. ಲಕ್ಕಮ್ಮ ಪೆನ್ನು ಬಿಡಲಿಲ್ಲ. ಕೈ ಹಾಗೇ ಚಾಚಿಕೊಂಡೇ ಇದ್ದಳು.

"ಅಂಗ್ಯಾಕೆ ಒಡ್ಡೀಯೆ," ಅಂದಳು, ಗದರಿಸುವ ದನಿಯಲ್ಲೇ. "ಇಡ್ಕೊ."

ಬೊಗಸೆ ಬಿಡಿಸಲು ಅವನಿಗೆ ಹೊತ್ತು ಹಿಡಿಯಿತು. ಕೊನೆಗೆ ಅವಳ ಬೆರಳ ನಡುವಿನಿಂದ ಪೆನ್ನು ತೆಗೆದುಕೊಂಡ. ಕಾವು ನೋಡುವ ಹಾಗೆಯೇ ನೋಡಿದ. ಎರಡು ತುದಿ ಹಿಡಿದು ಎಳೆದ, ಅಲ್ಲಾಡಿಸಿದ, ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಶೋಭಿತಾ ಉಸಿರು ಬಿಟ್ಟಿರಲಿಲ್ಲ. ಹೊಸ ಬ್ಲೌಸು ಹಾಕಿಕೊಂಡು ಪರದೆಯಿಂದ ಈಚೆ ಬಂದ ಸೌಜನ್ಯ ಏನಾಯಿತೆಂದು ತಿಳಿಯದೆ ಎಲ್ಲರ ಮುಖ ನೋಡಿದಳು. ಮಂಚಯ್ಯ ಪೆನ್ನನ್ನು ಅವಳ ಕೈಗೆ ಕೊಟ್ಟ.

"ಬಿಗಿಯಾಗೇ ಅದೆ ಕಣವ್ವ," ಅಂದ. "ಬರ್ಕೋ ಓಗು."